ಗ್ಲೋಬಲ್ ಸೋಲಾರ್ ಅಟ್ಲಾಸ್: ನಕ್ಷೆ ಕೊಡುವ ಬಿಸಿಲಿನ ಲೆಕ್ಕ

ಚಾವಣಿಗೆ ಸೌರ ಫಲಕ ಹಾಕಿಸುವ ಮುನ್ನ ಅಲ್ಲಿ ವರ್ಷಕ್ಕೆ ಎಷ್ಟು ಬಿಸಿಲು ಸಿಗುತ್ತದೆ ಎಂದು ತಿಳಿಯಲು ನಾನು ನೆಚ್ಚಿಕೊಂಡದ್ದು, ವಿಶ್ವ ಬ್ಯಾಂಕ್ ಸಮೂಹ 2017ರಲ್ಲಿ ಹೊರತಂದ ಗ್ಲೋಬಲ್ ಸೋಲಾರ್ ಅಟ್ಲಾಸ್ ಎಂಬ ಉಚಿತ ನಕ್ಷೆಯನ್ನು. ಇದರ ದತ್ತಾಂಶವನ್ನು ಸೋಲಾರ್‌ಜಿಐಎಸ್ ಸಂಸ್ಥೆ ಸಿದ್ಧಪಡಿಸಿದೆ. ಉಪಗ್ರಹಗಳು ವರ್ಷಗಟ್ಟಲೆ ತೆಗೆದ ಮೋಡಗಳ ಚಿತ್ರಗಳ ಜೊತೆಗೆ ಗಾಳಿಯಲ್ಲಿರುವ ದೂಳು ಮತ್ತು ತೇವಾಂಶದ ವಿವರಗಳನ್ನೂ ಸೇರಿಸಿ ಈ ಲೆಕ್ಕ ಹಾಕಲಾಗಿದೆ.

ನಕ್ಷೆಯಲ್ಲಿ ನಮ್ಮ ಜಾಗದ ಮೇಲೆ ಒತ್ತಿದೊಡನೆ ಪಕ್ಕದಲ್ಲಿ ಅಂಕಿಗಳ ಪಟ್ಟಿ ತೆರೆದುಕೊಳ್ಳುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಕೇಂದ್ರೀಕರಿಸುವ ಸ್ಥಾವರಗಳಿಗೆ ನೇರ ಕಿರಣಗಳ ಅಂಕಿ ಮುಖ್ಯವಾದರೆ, ಮನೆಯ ಫಲಕಗಳಿಗೆ ನೋಡಬೇಕಾದುದು ಸೂಕ್ತ ಓರೆಯಲ್ಲಿಟ್ಟ ಮೇಲ್ಮೈಗೆ ಬೀಳುವ ಒಟ್ಟು ವಿಕಿರಣವನ್ನು. ಆ ಓರೆ ಎಷ್ಟು ಡಿಗ್ರಿ ಇರಬೇಕೆಂಬುದನ್ನೂ ಅದೇ ಪಟ್ಟಿ ಹೇಳುತ್ತದೆ. ಅಲ್ಲಿ ದಿನಕ್ಕೆ ಸರಾಸರಿ ಚದರ ಮೀಟರಿಗೆ 5 ಯೂನಿಟ್ (ಕಿಲೋವ್ಯಾಟ್-ಗಂಟೆ) ಎಂದಿದ್ದರೆ, ಪೂರ್ಣ ತೀವ್ರತೆಯ, ಅಂದರೆ ಚದರ ಮೀಟರಿಗೆ 1000 ವ್ಯಾಟ್‌ನ ಬಿಸಿಲು 5 ಗಂಟೆ ಬಿದ್ದುದಕ್ಕೆ ಅದು ಸಮ. ಬಿಸಿ, ದೂಳು, ತಂತಿ, ಇನ್ವರ್ಟರುಗಳಲ್ಲಿ ಆಗುವ ನಷ್ಟವನ್ನು ಶೇ. 22 ಎಂದು ಹಿಡಿದರೆ 1 ಕಿಲೋವ್ಯಾಟ್ ಫಲಕದಿಂದ ದಿನಕ್ಕೆ 3.9 ಯೂನಿಟ್, ವರ್ಷಕ್ಕೆ ಸುಮಾರು 1,420 ಯೂನಿಟ್ ವಿದ್ಯುತ್ತು ಸಿಗುತ್ತದೆ. ಈ ಗುಣಾಕಾರವನ್ನು ಒಮ್ಮೆ ಕೈಯಾರೆ ಮಾಡಿ ನೋಡಿದವರನ್ನು ಯಾವ ಮಾರಾಟಗಾರನೂ ಉಬ್ಬಿಸಿದ ಅಂಕಿಗಳಿಂದ ಮರುಳುಮಾಡಲಾರ ಎಂಬುದು ನನ್ನ ದೃಢ ನಂಬಿಕೆ.

ಇವು ದೀರ್ಘಾವಧಿಯ ಸರಾಸರಿಗಳು ಎಂಬುದನ್ನು ಮರೆಯಬಾರದು. ಮೋಡ ಕವಿದ ವರ್ಷದಲ್ಲಿ ಇಳುವರಿ ಇದಕ್ಕಿಂತ ಕಡಿಮೆಯಾದೀತು. ಗಂಟೆಗಂಟೆಯ ಏರಿಳಿತ ಬೇಕೆನ್ನುವವರಿಗೆ ಯುರೋಪಿಯನ್ ಕಮಿಷನ್ನಿನ ಪಿವಿಜಿಐಎಸ್ ಎಂಬ ಇಂಥದೇ ಜಾಲತಾಣ ಹೆಚ್ಚು ಅನುಕೂಲ, ಅದೂ ಉಚಿತ.

ಸುತ್ತಲಿನ ಬೆಟ್ಟಗುಡ್ಡಗಳು ಬಿಸಿಲಿಗೆ ಅಡ್ಡ ಬರುವುದನ್ನು ಅಟ್ಲಾಸ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಪಕ್ಕದ ಮರವೂ ನಮ್ಮದೇ ನೀರಿನ ಟ್ಯಾಂಕೂ ಅದರ ಕಣ್ಣಿಗೆ ಬೀಳುವಂಥವಲ್ಲ. ಹಾಗಾಗಿ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಚಾವಣಿ ಹತ್ತಿ, ನೆರಳಿನ ಅಂಚನ್ನು ಸೀಮೆಸುಣ್ಣದಿಂದ ಗುರುತು ಮಾಡಿದೆ. ಮೂರೂವರೆಯ ಹೊತ್ತಿಗೆ ಟ್ಯಾಂಕಿನ ನೆರಳು ಫಲಕಗಳಿಗೆಂದು ಗೊತ್ತುಮಾಡಿದ್ದ ಜಾಗದ ಕಾಲುಭಾಗವನ್ನು ನುಂಗಿತ್ತು. ಅಟ್ಲಾಸಿನ ಅಂಕಿಯನ್ನು ಹಾಗೆಯೇ ಇಟ್ಟುಕೊಂಡು, ಫಲಕಗಳನ್ನು ಆ ಗೆರೆಯಿಂದಾಚೆಗೆ ಸರಿಸಿ ಹಾಕಿಸಿದೆ.