ಅರಳಿಕಟ್ಟೆಯೋ, ಸಮುದಾಯ ಭವನವೋ, ಜೂಮೋ?

ಕೊರೊನಾದಂಥ ಸಾಂಕ್ರಾಮಿಕ ಇರುವಾಗಲೂ ಊರಿನವರು ಸೇರಲೇಬೇಕಾದ ಕೆಲಸ ಬರುತ್ತದೆ. ಎಲ್ಲಿ ಸೇರೋದು?

ನನ್ನ ಓಟು ಅರಳಿಕಟ್ಟೆಗೆ. ಉಸಿರಿನ ಜೊತೆ ಹೊರಬರುವ ಸಣ್ಣ ಹನಿಗಳು ಬಯಲಲ್ಲಿ ಬೇಗ ಚದುರಿಹೋಗುತ್ತವೆ. ಮುಚ್ಚಿದ ಕೋಣೆಯಲ್ಲಾದರೆ ಗಂಟೆಗಟ್ಟಲೆ ತೇಲುತ್ತಿರಬಹುದು. ಹಾಗಂತ ಒತ್ತೊತ್ತಾಗಿ ಕೂರಬೇಡಿ. ಹಿರಿಯರು ಕಟ್ಟೆ ಮೇಲೆ, ಉಳಿದವರು ಸುತ್ತ ಕುರ್ಚಿ ಹಾಕಿಕೊಂಡು ದೂರ ದೂರ. ಒಂದು ಮೈಕ್ ಇರಲಿ. ಇಲ್ಲದಿದ್ದರೆ ಕಿವಿ ಮಂದ ಇರುವವರು ‘ಏನಂದ್ರಿ?’ ಅಂತ ಮಾಸ್ಕ್ ಕೆಳಗಿಳಿಸಿ ಹತ್ತಿರವೇ ಬರುತ್ತಾರೆ, ಅಲ್ವಾ?

ಸಮುದಾಯ ಭವನದಲ್ಲಿ ಮಳೆ, ಬಿಸಿಲಿನ ಚಿಂತೆಯಿಲ್ಲ. ಎರಡೂ ಕಡೆಯ ಕಿಟಕಿ ತೆರೆದು, ಬೇಗ ಮುಗಿಸುವುದಾದರೆ ಸರಿ. ಊಟ ಮಾತ್ರ ಬೇಡ. ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರ ಮಾಸ್ಕೂ ಗದ್ದಕ್ಕೇ. 2020ರಲ್ಲಿ ಮದುವೆಗೆ 50 ಜನ ಅಂತ ಮಿತಿ ಇತ್ತು. ಆ ಲೆಕ್ಕ ಪಾಲಿಸಿದರೂ ಗಾಳಿಯಾಡದ ಹಾಲ್‌ನಲ್ಲಿ ಅಪಾಯ ಜಾಸ್ತಿಯೇ.

ಜೂಮ್‌ನಲ್ಲಿ ಸೋಂಕಿನ ಭಯವಿಲ್ಲ. ಉಚಿತ ಖಾತೆಯಾದರೆ 40 ನಿಮಿಷಕ್ಕೆ ಕಟ್ (ನಮ್ಮ ಸಭೆಗಳಿಗೆ ಅದು ಒಳ್ಳೆಯದೇ ಅನ್ನಿ). ನೆಟ್‌ವರ್ಕ್ ಸಿಗದ ಮಲೆನಾಡಿನ ಹಳ್ಳಿಗೆ, ಸ್ಮಾರ್ಟ್‌ಫೋನ್ ಇಲ್ಲದ ಮನೆಗೆ ಇದು ಆಗದ ಮಾತು. ಲೆಕ್ಕಪತ್ರ ಒಪ್ಪಿಸೋಕೆ ಜೂಮ್ ಸಾಕು. ಜಗಳ ಬಿಡಿಸೋಕೆ ಕಟ್ಟೆಯೇ ಆಗಬೇಕು.