ಒಂದೇ ಅಳತೆಯ ಮೂರು ಅಮೆಥಿಸ್ಟ್: ಕಟ್ ಮಾಡಿದ ವ್ಯತ್ಯಾಸ

ಅಮ್ಮನಿಗೆ ಅರವತ್ತು ತುಂಬುವ ಹೊತ್ತಿಗೆ ಒಂದು ಪದಕ ಮಾಡಿಸಬೇಕೆಂದು ಜೈಪುರದ ಜೌಹರಿ ಬಜಾರಿನಲ್ಲಿ ಅಮೆಥಿಸ್ಟ್ ಎಂಬ ನೇರಳೆ ಕಲ್ಲು ಹುಡುಕುತ್ತಿದ್ದೆ. ಬೇಕಿದ್ದದ್ದು ಒಂದೇ ಕಲ್ಲು, ಕೊಂಡು ತಂದದ್ದು ಮೂರು. ಮೂರೂ ಮೊಟ್ಟೆಯ ಆಕಾರದವು, 10 ಮಿ.ಮೀ. ಉದ್ದ, 8 ಮಿ.ಮೀ. ಅಗಲ. ನೇರಳೆ ಬಣ್ಣವೂ ಹೆಚ್ಚುಕಡಿಮೆ ಒಂದೇ. ತಕ್ಕಡಿಗೆ ಹಾಕಿದರೆ ಮಾತ್ರ ಮೊದಲನೆಯದು 1.6 ಕ್ಯಾರೆಟ್, ಎರಡನೆಯದು 3.0, ಮೂರನೆಯದು 2.3 ತೂಗಿದವು. ಮೇಲಿನಿಂದ ಸಮನಾಗಿ ಕಾಣುವ ಕಲ್ಲುಗಳ ತೂಕದಲ್ಲಿ ಇಷ್ಟು ಅಂತರ ಬಂದದ್ದು ಅವುಗಳ ಹೊಟ್ಟೆಯಿಂದ, ಅಂದರೆ ನಡುವಿನಿಂದ ಕೆಳಗೆ ಸಾಣೆಗಾರ ಎಷ್ಟು ಉಳಿಸಿದ್ದಾನೆ ಎಂಬುದರಿಂದ.

ಮೊದಲ ಎರಡಕ್ಕೂ ಕ್ಯಾರೆಟ್‌ಗೆ 400 ರೂಪಾಯಿಯಂತೆ 640 ಮತ್ತು 1,200 ರೂಪಾಯಿ ಕೊಟ್ಟೆ. ಮೂರನೆಯದಕ್ಕೆ ಕ್ಯಾರೆಟ್‌ಗೆ 700, ಒಟ್ಟು 1,610. ಎರಡನೆಯದಕ್ಕಿಂತ ಹಗುರಾದ ಕಲ್ಲಿಗೆ ಹೆಚ್ಚು ದರವೇಕೆ ಎಂದು ಕೇಳಿದಾಗ ವ್ಯಾಪಾರಿ ಉತ್ತರ ಕೊಡದೆ ಮೂರನ್ನೂ ಬೆರಳ ಸಂದಿಯಲ್ಲಿ ಸಿಕ್ಕಿಸಿ ಬಾಗಿಲ ಬೆಳಕಿಗೆ ಹಿಡಿದರು. ಆ ಕ್ಷಣದಲ್ಲಿಯೇ ಮೂರನ್ನೂ ಕೊಳ್ಳುವುದೆಂದು ನಿಶ್ಚಯಿಸಿದೆ.

ಮನೆಗೆ ಬಂದು ಮೊದಲು ಮಾಡಿದ್ದು ಪತ್ರಿಕೆಯ ಪರೀಕ್ಷೆ. ಕಲ್ಲನ್ನು ಮುದ್ರಿತ ಸಾಲಿನ ಮೇಲಿಟ್ಟು ನೇರವಾಗಿ ಮೇಲಿನಿಂದ ನೋಡಬೇಕು, ಅಷ್ಟೇ. 1.6 ಕ್ಯಾರೆಟ್‌ನ ಕಲ್ಲಿನ ನಡುವೆ ಅಕ್ಷರಗಳು ಸಲೀಸಾಗಿ ಓದಲು ಬಂದವು. ಅಂಚಿನಲ್ಲಿ ಮಾತ್ರ ಹೊಳಪು, ಮಧ್ಯೆ ಬಣ್ಣ ತೊಳೆದ ಗಾಜು. ವ್ಯಾಪಾರದವರು ಇದನ್ನು ಕಿಟಕಿ ಎನ್ನುತ್ತಾರೆ. ಅಮೆಥಿಸ್ಟ್ ಸ್ಫಟಿಕದ ಜಾತಿಯ ಕಲ್ಲು. ಅದರೊಳಗೆ ಹೊಕ್ಕ ಬೆಳಕು ಕೆಳಗಿನ ಮುಖಗಳಿಗೆ, ಅಂದರೆ ಸಾಣೆ ಹಿಡಿದ ಚಪ್ಪಟೆ ಮೈಗಳಿಗೆ, ಸುಮಾರು 40 ಡಿಗ್ರಿಗಿಂತ ಹೆಚ್ಚಿನ ಕೋನದಲ್ಲಿ ತಾಗಿದರೆ ಮಾತ್ರ ಪೂರ್ತಿ ಪ್ರತಿಫಲಿಸಿ ಕಣ್ಣಿಗೆ ಹಿಂತಿರುಗುತ್ತದೆ. ಕೆಳಗಿನ ಮುಖಗಳು ಅದಕ್ಕಿಂತ ಕಡಿಮೆ ಇಳಿಜಾರಾಗಿದ್ದರೆ ಬೆಳಕು ತಳದಿಂದಲೇ ಸೋರಿಹೋಗುತ್ತದೆ. ನನ್ನ ತೆಳು ಕಲ್ಲಿನಲ್ಲಿ ಆಗುತ್ತಿದ್ದದ್ದು ಅದೇ.

3 ಕ್ಯಾರೆಟ್‌ನ ಹೊಟ್ಟೆ ಉಬ್ಬಿದ ಕಲ್ಲಿನ ಕಥೆ ಇದಕ್ಕೆ ತದ್ವಿರುದ್ಧ. ಅಕ್ಷರ ಕಾಣಲಿಲ್ಲ, ಆದರೆ ಬೆಳಕೂ ಕಾಣಲಿಲ್ಲ. ನಡುವೆ ಕಪ್ಪು ಮಡುವೊಂದು ನಿಂತಂತೆ. ಎಷ್ಟು ತಿರುಗಿಸಿದರೂ ಅದು ಕದಲಲಿಲ್ಲ. ತೂಕದ ಲೆಕ್ಕದಲ್ಲಿ ಹಣ ಕೊಟ್ಟದ್ದು ಆ ಕತ್ತಲಿಗೆ. ಹೀಗೇಕೆ ಕತ್ತರಿಸುತ್ತಾರೆ ಎಂಬುದರಲ್ಲಿ ಗುಟ್ಟೇನಿಲ್ಲ: ಕೊಳ್ಳುವವರು ಕ್ಯಾರೆಟ್ ಕೇಳುತ್ತಾರೆ, ಸಾಣೆಗಾರ ಕ್ಯಾರೆಟ್ ಉಳಿಸುತ್ತಾನೆ. ಸಾಣೆಯಲ್ಲಿ ಪುಡಿಯಾಗಿ ಹೋದ ಕಲ್ಲಿಗೆ ಯಾರೂ ಹಣ ಕೊಡುವುದಿಲ್ಲ. ಇದರಲ್ಲಿ ಅವನ ತಪ್ಪಿಗಿಂತ ನಮ್ಮದೇ ಹೆಚ್ಚು ಎಂದು ನನಗೆ ಅನ್ನಿಸುತ್ತದೆ.

ಮೂರನೆಯದನ್ನು ಹೇಗೆ ವರ್ಣಿಸಲಿ? ಕೈ ಸ್ವಲ್ಪ ಅಲುಗಿದರೆ ಸಾಕು, ನೇರಳೆಯ ಚೂರುಗಳು ಒಂದು ಆರಿ ಇನ್ನೊಂದು ಹೊತ್ತಿಕೊಳ್ಳುತ್ತವೆ. ಬೆಲೆ ಹೇಳದೆ ಮೂರನ್ನೂ ಬಿಳಿ ಬಟ್ಟೆಯ ಮೇಲಿಟ್ಟು ಅಮ್ಮನ ಮುಂದೆ ಹರಡಿದೆ. ಕನ್ನಡಕವನ್ನೂ ಹಾಕಿಕೊಳ್ಳದೆ ಅವರು ಮೂರನೆಯದನ್ನು ಎತ್ತಿಕೊಂಡು “ಇದನ್ನೇ ಕಟ್ಟಿಸು” ಎಂದರು.

ನನ್ನ ಕುತೂಹಲ ಅಲ್ಲಿಗೆ ತೀರಲಿಲ್ಲ. ಉಬ್ಬಿದ ಕಲ್ಲನ್ನು ಬೆಂಗಳೂರಿನ ಸಾಣೆಗಾರರೊಬ್ಬರಿಗೆ ಕೊಟ್ಟು ಮತ್ತೆ ಕತ್ತರಿಸಲು ಹೇಳಿದೆ. 3.0 ಇದ್ದದ್ದು 2.1 ಕ್ಯಾರೆಟ್ ಆಗಿ ಬಂತು. ಮೇಲಿನ ಅಳತೆ ಕೂದಲೆಳೆಯಷ್ಟು ಕುಗ್ಗಿತ್ತು, ಕಪ್ಪು ಮಡು ಹೋಗಿತ್ತು. ಕೂಲಿ 800 ಸೇರಿ ಒಟ್ಟು 2,000 ರೂಪಾಯಿ; ಮೊದಲೇ ಚೆನ್ನಾಗಿ ಕತ್ತರಿಸಿದ ಕಲ್ಲಿಗಿಂತ ಹೆಚ್ಚೇ ಬಿತ್ತು. ಅಮೆಥಿಸ್ಟ್‌ಗೆ ಇದು ಲಾಭದ ಕೆಲಸವಲ್ಲ, ದುಬಾರಿ ಕಲ್ಲಾದರೆ ಲೆಕ್ಕ ಬೇರೆ. ಕೊಹಿನೂರನ್ನು 1852ರಲ್ಲಿ ಲಂಡನ್ನಿನಲ್ಲಿ ಮತ್ತೆ ಕತ್ತರಿಸಿದಾಗ ಇಂದಿನ ಅಳತೆಯಲ್ಲಿ 191 ಕ್ಯಾರೆಟ್ ಇದ್ದದ್ದು 105.6ಕ್ಕೆ ಇಳಿಯಿತು. ಹಿಂದಿನ ವರ್ಷ ಅಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಜನ ಅದು ಹೊಳೆಯುವುದಿಲ್ಲ ಎಂದು ಬೇಸರಪಟ್ಟದ್ದೇ ಅದಕ್ಕೆ ಕಾರಣ.

ತೆಳು ಕಲ್ಲನ್ನೂ ಸರಿಪಡಿಸಬಹುದೇ ಎಂದು ಕೇಳಿದೆ. ಸಾಣೆಗಾರರು ಆಗದೆಂದು ತಲೆಯಾಡಿಸಿದರು. ಕೋನ ಕಡಿದಾಗಬೇಕಾದರೆ ಆಳ ಬೇಕು. ಇಲ್ಲದ ಆಳವನ್ನು ತರುವುದೆಲ್ಲಿಂದ? ಸುತ್ತಳತೆ ತಗ್ಗಿಸಿ ಪುಟ್ಟ ಕಲ್ಲು ಮಾಡಬೇಕು. ನಾನು ಅಂದುಕೊಂಡಿದ್ದಕ್ಕೆ ಇದು ಪೂರ್ತಿ ವಿರುದ್ಧವಾಗಿತ್ತು: ಕಣ್ಣಿಗೆ ಮಂಕಾಗಿದ್ದ ಉಬ್ಬು ಕಲ್ಲಿಗೆ ಮರುಜನ್ಮವಿದೆ, ಅಗ್ಗಕ್ಕೆ ಸಿಕ್ಕ ತೆಳು ಕಲ್ಲಿಗೆ ಇಲ್ಲ.

ಆದರೆ ತೆಳು ಕಲ್ಲಿನ ಕೆಳಗೆ ಬೆಳ್ಳಿಯ ತಗಡು ಇಟ್ಟು ನೋಡಿದೆ. ಕಿಟಕಿ ಮುಚ್ಚಿಹೋಗಿ ಇಡೀ ಕಲ್ಲು ಬೆಳಗಿತು! ನಮ್ಮ ಹಳೆಯ ಕೆಂಪಿನ ಓಲೆ, ಅಡ್ಡಿಕೆಗಳಲ್ಲಿ ಕಲ್ಲಿನ ಹಿಂದೆ ತಗಡಿಟ್ಟು ಚಿನ್ನದಿಂದ ಮುಚ್ಚಿ ಕಟ್ಟಿದ್ದರ ಮರ್ಮ ಆಗ ಕೈಗೆ ಸಿಕ್ಕಿತು. ಕಲ್ಲಿನ ಕೋನ ಮಾಡದ ಕೆಲಸವನ್ನು ತಗಡು ಮಾಡುತ್ತದೆ. ನೀರು ಒಳಗೆ ಇಳಿದರೆ ತಗಡು ಕಪ್ಪಾಗುತ್ತದೆ. ಅಂಥ ಒಡವೆಯನ್ನು ತೊಟ್ಟು ಸ್ನಾನ ಮಾಡಬಾರದು.

ನೀಲದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಶ್ರೀಲಂಕಾದ ಎಷ್ಟೋ ನೀಲಗಳಲ್ಲಿ ಬಣ್ಣವೆಲ್ಲ ಒಂದೇ ಮೂಲೆಯಲ್ಲಿ ಇರುತ್ತದೆ. ಅಲ್ಲಿನ ಸಾಣೆಗಾರರು ಆ ನೀಲಿ ಚುಕ್ಕೆ ಕಲ್ಲಿನ ಕೆಳತುದಿಯಲ್ಲಿ ಬರುವಂತೆ ಕತ್ತರಿಸುತ್ತಾರೆ. ಮೇಲಿನಿಂದ ನೋಡಿದರೆ ಇಡೀ ಕಲ್ಲು ನೀಲಿ. ಅಂಥ ಕಲ್ಲಿನ ದಪ್ಪ ಹೊಟ್ಟೆಯನ್ನು ದೋಷವೆಂದು ತೆಗೆಸಿದರೆ ಬಣ್ಣವೇ ಹೋಗುತ್ತದೆ.

ವಜ್ರ ಕೊಳ್ಳುವವರಿಗೆ ಈ ಪಾಡು ಕಡಿಮೆ. 1919ರಲ್ಲಿಯೇ ವಜ್ರ ಕತ್ತರಿಸುವ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್ಸ್ಕಿ ದುಂಡು ವಜ್ರಕ್ಕೆ ಮೇಲ್ಭಾಗದ ಕೋನ 34.5, ಕೆಳಭಾಗದ್ದು 40.75 ಡಿಗ್ರಿ ಎಂದು ಲೆಕ್ಕ ಹಾಕಿಕೊಟ್ಟರು. ಅಮೆರಿಕದ ರತ್ನಶಾಸ್ತ್ರ ಸಂಸ್ಥೆಯಾದ ಜಿಐಎಯ ಪ್ರಯೋಗಾಲಯ 2006ರಿಂದ ಬ್ರಿಲಿಯಂಟ್ ಎಂಬ ಬಹುಮುಖದ ದುಂಡು ವಜ್ರಗಳ ಕಟ್‌ಗೆ ದರ್ಜೆಯನ್ನೂ ಕೊಡುತ್ತಿದೆ. ಬಣ್ಣದ ಕಲ್ಲಿನ ಪ್ರಮಾಣಪತ್ರದಲ್ಲಿ ಸಾಮಾನ್ಯವಾಗಿ ಅಂಥ ದರ್ಜೆ ಇರುವುದಿಲ್ಲ. ಪತ್ರಿಕೆಯ ತುಂಡು ಮತ್ತು ನಮ್ಮ ಕಣ್ಣು, ಇವೇ ಆಧಾರ.

ಮುಖಗಳೇ ಇಲ್ಲದ ಕಟ್ ಒಂದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇದೆ. ಅಪ್ಪನ ಉಂಗುರದಲ್ಲಿರುವುದು ಮೈಸೂರು ಸೀಮೆಯ ನಕ್ಷತ್ರ ಮಾಣಿಕ್ಯ. ಬೆಳಕು ಹಾಯದ ಮಬ್ಬು ಕೆಂಪು, ಗುಮ್ಮಟದಂತೆ ನುಣುಪಾದ ಬೆನ್ನು. ಟ್ಯೂಬ್‌ಲೈಟ್ ಕೆಳಗೆ ಅದೊಂದು ಸಾಮಾನ್ಯ ಕಲ್ಲು. ಬಿಸಿಲಿಗೆ ಹಿಡಿದರೆ ಆರು ಕಿರಣಗಳ ನಕ್ಷತ್ರ ಎದ್ದು ಬರುತ್ತದೆ. ಒಳಗಿರುವ ಸೂಜಿಯಂಥ ಸಣ್ಣ ಎಳೆಗಳು ಬೆಳಕನ್ನು ಹಾಗೆ ಚದುರಿಸುತ್ತವೆ. ಇದಕ್ಕೆ ಮುಖಗಳನ್ನು ಕೊರೆದರೆ ನಕ್ಷತ್ರವೇ ಇರುವುದಿಲ್ಲ. ಈ ಕಲ್ಲನ್ನು ಕತ್ತರಿಸಿದವನ ಕೈ ತುಸು ವಾಲಿತ್ತು, ನಕ್ಷತ್ರ ನಡುವಿನಲ್ಲಿಲ್ಲದೆ ಒಂದು ಅಂಚಿಗೆ ಸರಿದಿದೆ. ಮಾರಲು ಹೋದರೆ ಅದಕ್ಕೆ ಬೆಲೆ ಇಳಿಸುತ್ತಾರೆ. ನೇರ ಮಾಡಿಕೊಡುತ್ತೇನೆ, ಆದರೆ ಕಾಲುಭಾಗ ಕಲ್ಲು ಹೋಗುತ್ತದೆ ಎಂದರು ಸಾಣೆಗಾರರು. ಉಂಗುರವನ್ನು ವಾಪಸು ಕೇಳಿ ತೆಗೆದುಕೊಂಡು ಬಂದೆ.