ಹೆಬ್ಬೆರಳು ಕೆಳಗೆ ಒತ್ತಿದರೆ ಕಾರಣ ಬರೆಯಬೇಕಂತೆ: ನಮ್ಮ ಅಡಿಕೆ ಆ್ಯಪಿನ ಹೊಸ ಅಪ್‌ಡೇಟ್

ಅಡಿಕೆ ಬೆಳೆಗಾರರ ಪ್ರಶ್ನೋತ್ತರ ಆ್ಯಪ್ ಒಂದಿದೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದವರು ಸುಮಾರು ಜನ ಅದರಲ್ಲಿದ್ದಾರೆ. ಹೆಸರು ಹೇಳುವುದಿಲ್ಲ, ಬಳಸುವವರಿಗೆ ಓದುತ್ತಾ ಹೋದ ಹಾಗೆ ಗೊತ್ತಾಗುತ್ತದೆ. ಯಾರೋ ಪ್ರಶ್ನೆ ಹಾಕುತ್ತಾರೆ, ಗೊತ್ತಿದ್ದವರು ಉತ್ತರ ಬರೆಯುತ್ತಾರೆ, ಉಳಿದವರು ಹೆಬ್ಬೆರಳು ಮೇಲೆ ಅಥವಾ ಕೆಳಗೆ ಒತ್ತುತ್ತಾರೆ. ಜಾಸ್ತಿ ಮೆಚ್ಚುಗೆ ಬಿದ್ದ ಉತ್ತರ ಮೇಲೆ ಬಂದು ಕೂರುತ್ತದೆ. ಇಷ್ಟೇ ವ್ಯವಸ್ಥೆ. ಈ ಬೇಸಿಗೆಯ ಅಪ್‌ಡೇಟಿನಲ್ಲಿ ಒಂದು ಹೊಸ ನಿಯಮ ಸೇರಿಸಿದ್ದಾರೆ. ಕೆಳಗಿನ ಹೆಬ್ಬೆರಳು ಒತ್ತಿದ ಕೂಡಲೇ ಒಂದು ಚೌಕ ತೆರೆಯುತ್ತದೆ, ಅದರಲ್ಲಿ ಕಾರಣ ಬರೆಯದೆ ವೋಟು ಬೀಳುವುದಿಲ್ಲ. ಕನಿಷ್ಠ 20 ಅಕ್ಷರ ಬೇಕು. ಕಾರಣದ ಪಕ್ಕದಲ್ಲಿ ನಿಮ್ಮ ಹೆಸರೂ ಕಾಣುತ್ತದೆ.

ಮಳೆ ಹಿಡಿಯುವ ತನಕ ಬಳಸಿ ನೋಡಿ ಬರೆಯುತ್ತಿದ್ದೇನೆ. ಐದರಲ್ಲಿ ಎರಡೂವರೆ ಕೊಡುತ್ತೇನೆ. ಯಾಕೆ ಅಂತ ಹೇಳದಿದ್ದರೆ ಈ ವಿಷಯದಲ್ಲಿ ಬಾಯಿ ಬಿಡುವ ಹಕ್ಕೇ ನನಗಿಲ್ಲ, ಅಲ್ವಾ?

ನಿಯಮ ಯಾಕೆ ಬಂತು ಅಂತ ಹಳಬರಿಗೆಲ್ಲ ಗೊತ್ತು. ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆರೋಗದ ಮದ್ದಿನ ಜಗಳದಿಂದ. ಊರಿಗೆ ವಾಪಸು ಬಂದು ತೋಟ ನೋಡಿಕೊಳ್ಳಲು ಶುರು ಮಾಡಿದ ಹುಡುಗ ಇರಬೇಕು, ಆ ರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಮಾಡುವುದು ಹೇಗೆ ಅಂತ ಕೇಳಿದ್ದ. ಎಲ್ಲಕ್ಕಿಂತ ಮೇಲೆ ನಿಂತಿದ್ದ ಉತ್ತರದಲ್ಲಿ ಅಳತೆ ಸರಿಯಾಗಿಯೇ ಇತ್ತು: 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಆದರೆ ಮಾಡುವ ಕ್ರಮ ಉಲ್ಟಾ. ಮೈಲುತುತ್ತಿನ ನೀರಿಗೆ ಸುಣ್ಣದ ನೀರು ಸುರಿಯಿರಿ ಅಂತ ಬರೆದಿದ್ದರು. ಹಾಗೆ ಮಾಡುವುದಲ್ಲ. 50 ಲೀಟರಿನಲ್ಲಿ ಮೈಲುತುತ್ತು ಕರಗಿಸಿ, ಇನ್ನು 50 ಲೀಟರಿನಲ್ಲಿ ಸುಣ್ಣ ಕದಡಿ ಸೋಸಿ, ಆಮೇಲೆ ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು ನಿಧಾನಕ್ಕೆ ಸುರಿಯುತ್ತಾ ಕೋಲಿನಿಂದ ತಿರುಗಿಸುತ್ತಲೇ ಇರಬೇಕು. ಉಲ್ಟಾ ಮಾಡಿದರೆ ಕಣ ದಪ್ಪ ಆಗಿ ಬೇಗ ತಳ ಹಿಡಿಯುತ್ತದೆ, ಗೊನೆಗೆ ಸರಿಯಾಗಿ ಅಂಟುವುದಿಲ್ಲ. ಕತ್ತಿ ಅದ್ದಿ ನೋಡುವ ಮಾತೂ ಆ ಉತ್ತರದಲ್ಲಿರಲಿಲ್ಲ. ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ತಾಮ್ರದ ಕೆಂಪು ಹಿಡಿದಿದ್ದರೆ ಸುಣ್ಣ ಸಾಕಾಗಿಲ್ಲ ಅಂತ ಲೆಕ್ಕ. ಅದನ್ನೇ ಮರಕ್ಕೆ ಬಿಟ್ಟರೆ ಗೊನೆ ಸುಡುತ್ತದೆ.

ಆ ಉತ್ತರಕ್ಕೆ ಕೆಳಗಿನ ಹೆಬ್ಬೆರಳು ಸಾಕಷ್ಟು ಬಿದ್ದಿತ್ತು, ಮೇಲಿನದ್ದು ಅದಕ್ಕಿಂತ ಜಾಸ್ತಿ. ಬೇಡ ಅಂದವರಲ್ಲಿ ಒಬ್ಬರೂ ಯಾಕೆ ಅಂತ ಒಂದು ಸಾಲು ಬರೆದಿರಲಿಲ್ಲ. ಉತ್ತರ ಬರೆದವರಿಗೆ ಸಿಟ್ಟು ಬಂತು. ಹೊಟ್ಟೆಕಿಚ್ಚಿನವರು, ಕಾರಣ ಹೇಳುವ ಧೈರ್ಯ ಇಲ್ಲದವರು ಅಂತೆಲ್ಲ ಕೂಗಾಡಿದರು. ಆ್ಯಪಿನವರು ಅವರ ಸಮಾಧಾನಕ್ಕೆ ಈ ನಿಯಮ ತಂದರು.

ನನಗೆ ತಕರಾರು ಇರುವುದು ಇಲ್ಲೇ. ಕಾರಣ ಬೇಕಾಗಿದ್ದದ್ದು ಆ ಹುಡುಗನಿಗೆ. ಅವನ ಮುಂದೆ ಡ್ರಮ್ಮು, ಸುಣ್ಣ, ಮೈಲುತುತ್ತು ಎಲ್ಲ ಇದೆ, ಮರ ಹತ್ತುವವರು ಬಂದು ಅಂಗಳದಲ್ಲಿ ಚಾ ಕುಡಿಯುತ್ತಾ ಕೂತಿದ್ದಾರೆ, ಇಷ್ಟು ಜನ ಬೇಡ ಅಂದಿದ್ದಾರೆ ಅಂತ ಮಾತ್ರ ಗೊತ್ತಾದರೆ ಅವನು ಏನು ಮಾಡಬೇಕು? ಅಳತೆ ತಪ್ಪೋ, ಕ್ರಮ ತಪ್ಪೋ, ಬರೆದವರ ಮೇಲೆ ಯಾರಿಗೋ ಹಳೇ ಸಿಟ್ಟೋ? ಆದರೆ ಆ್ಯಪಿನಲ್ಲಿ ಏನಾಗಿದೆ ನೋಡಿ. ಕಾರಣ ಬರೆದ ಕೂಡಲೇ ಉತ್ತರ ಬರೆದವರ ಫೋನಿಗೆ ಟಣ್ ಅಂತ ಸಂದೇಶ ಹೋಗುತ್ತದೆ. ಓದುವವನಿಗೆ ಮಾತ್ರ ಅದು ಮೂರು ಚುಕ್ಕಿಯ ಗುಂಡಿ ಒತ್ತಿ, ಇನ್ನೊಂದು ಪುಟಕ್ಕೆ ಹೋಗಿ, ಕೆಳಗೆ ಜಾರಿಸಿದರೆ ಸಿಗುತ್ತದೆ. ಅಷ್ಟು ದೂರ ಹೋಗುವವರು ಯಾರು? ಅರ್ಧ ಅಂಕ ಇದಕ್ಕೇ ಹೋಯಿತು.

ಇನ್ನು ಜನ ಬರೆಯುವ ಕಾರಣಗಳು. 'ಸರಿ ಇಲ್ಲ ಸರಿ ಇಲ್ಲ ಸರಿ ಇಲ್ಲ.' ಒಬ್ಬರು ಅ ಆ ಇ ಈಯಿಂದ ಶುರು ಮಾಡಿ 20 ಆಗುವ ತನಕ ವರ್ಣಮಾಲೆ ಬರೆದಿದ್ದಾರೆ. ಇನ್ನೊಬ್ಬರದು ಸಾಲು ತುಂಬಾ ಚುಕ್ಕಿ. ನಗು ಬಂತು, ಆದರೆ ಅವರನ್ನು ಬೈಯಲು ಮನಸ್ಸಿಲ್ಲ. ನಮ್ಮ ಕಡೆಯ ಕಥೆ ನಿಮಗೆ ಗೊತ್ತಲ್ಲ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕಲಿತದ್ದು ಕನ್ನಡ, ಫೋನಿನ ಕೀಬೋರ್ಡು ಬಂದದ್ದು ಇಂಗ್ಲಿಷಿನಲ್ಲಿ. ಮದ್ದು ಬಿಡುವ ಕೆಲಸದಲ್ಲಿ ಕೂದಲು ಹಣ್ಣಾದವರಿಗೆ ಉತ್ತರ ತಪ್ಪು ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಅದನ್ನು ಕನ್ನಡದಲ್ಲಿ ಟೈಪ್ ಮಾಡಲು ಅವರಿಗೆ ಆಗದು. ನಿಯಮ ಬಂದ ಮೇಲೆ ಅವರು ಒತ್ತುವುದನ್ನೇ ಬಿಟ್ಟರು. ಅಂದರೆ ಗೊತ್ತಿರುವವರ ವೋಟು ಹೋಯಿತು, ಬರೆಯಲು ಬರುವವರ ವೋಟು ಉಳಿಯಿತು.

ಹೆಸರು ಕಾಣಿಸುವುದು ಇದಕ್ಕಿಂತ ದೊಡ್ಡ ತೊಂದರೆ. ನಮ್ಮ ಪಕ್ಕದ ತೋಟದವರನ್ನು ಕೇಳಿದೆ, "ಮಾವ, ನೀವು ಯಾಕೆ ಈಗ ಒತ್ತುವುದಿಲ್ಲ?" ಅಂತ.

"ಒತ್ತಿದರೆ ಹೆಸರು ಕಾಣ್ತದಲ್ಲ ಮಾರಾಯ. ಬರೆದದ್ದು ಯಾರು ಗೊತ್ತುಂಟಾ ನಿಂಗೆ? ಬರುವ ತಿಂಗಳು ಅವರ ಮನೆಯ ಮದುವೆಗೆ ಹೋಗ್ಲಿಕ್ಕುಂಟು."

ಮುಗಿಯಿತಲ್ಲ. ಇದು ನಮ್ಮೂರಿನವರ ಹೆದರಿಕೆ ಮಾತ್ರ ಅಂದುಕೊಳ್ಳಬೇಡಿ. ಇಬೇ ಅಂಥ ದೊಡ್ಡ ಆನ್‌ಲೈನ್ ಮಾರುಕಟ್ಟೆಯಲ್ಲೇ ಇದು ನಡೆದಿದೆ. ಕೊಂಡವರು ಮಾರಿದವರಿಗೆ ಕೆಟ್ಟ ಅಭಿಪ್ರಾಯ ಕೊಟ್ಟರೆ ಮಾರಿದವರೂ ತಿರುಗಿಸಿ ಅವರಿಗೆ ಕೊಡುತ್ತಿದ್ದರು, ಅದಕ್ಕೆ ಹೆದರಿ ಜನ ಸುಮ್ನೆ ಇದ್ದುಬಿಡುತ್ತಿದ್ದರು. ಕೊನೆಗೆ 2008ರಲ್ಲಿ ಮಾರುವವರು ಕೊಳ್ಳುವವರಿಗೆ ಕೆಟ್ಟ ಅಭಿಪ್ರಾಯ ಕೊಡುವ ಹಾಗೇ ಇಲ್ಲ ಅಂತ ಇಬೇ ನಿಯಮ ಮಾಡಿತು. ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ 2014ರಲ್ಲಿ ಬೇರೆ ದಾರಿ ಹಿಡಿಯಿತು: ಮನೆಯವರದ್ದೂ ಅತಿಥಿಯದ್ದೂ ಅಭಿಪ್ರಾಯ ಒಟ್ಟಿಗೇ ಹೊರಗೆ ಬರುತ್ತದೆ, ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆಯುವ ಹಾಗಿಲ್ಲ. ಯಾರೆಂದೇ ಗೊತ್ತಿಲ್ಲದವರ ನಡುವೆಯೇ ಹೀಗಾದರೆ, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕಾದವರ ಪಾಡೇನು?

ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಈ ಬೇಡಿಕೆ ಶುರುವಿನಿಂದಲೂ ಇದೆ. ಮೈನಸ್ ಒತ್ತುವವರು ಕಾರಣ ಬರೆಯಲೇಬೇಕು ಅಂತ ಜನ ಮತ್ತೆ ಮತ್ತೆ ಕೇಳಿದ್ದಾರೆ, ಅವರು ಒಪ್ಪಿಲ್ಲ. ಬದಲಿಗೆ ಬೇರೆ ಬೇಲಿ ಹಾಕಿದ್ದಾರೆ. ಮೈನಸ್ ಒತ್ತಲು ಮೊದಲು 125 ಅಂಕ ಗಳಿಸಿರಬೇಕು. ಬೇರೆಯವರ ಉತ್ತರಕ್ಕೆ ಮೈನಸ್ ಕೊಟ್ಟರೆ ಅವರ 2 ಅಂಕ ಹೋಗುತ್ತದೆ, ನಿಮ್ಮದೂ 1 ಹೋಗುತ್ತದೆ. ಕೈಯಿಂದ ಕಳೆದುಕೊಂಡು ಒತ್ತುವವರು ಸ್ವಲ್ಪ ಯೋಚಿಸುತ್ತಾರೆ ಅನ್ನುವ ಲೆಕ್ಕ. ಚೆನ್ನಾಗಿದೆ, ಆದರೆ ಓದುವವನಿಗೆ ಕಾರಣ ಅಲ್ಲೂ ಸಿಗುವುದಿಲ್ಲ. ಯೂಟ್ಯೂಬ್ ಅಂತೂ 2021ರ ನವೆಂಬರಿನಲ್ಲಿ ಡಿಸ್‌ಲೈಕಿನ ಲೆಕ್ಕವನ್ನೇ ಮುಚ್ಚಿಟ್ಟಿತು, ವಿಡಿಯೋ ಮಾಡಿದವರಿಗೆ ಮಾತ್ರ ಕಾಣುತ್ತದೆ. ಅಲ್ಲೂ ನೋಡಿಕೊಂಡದ್ದು ಮಾಡಿದವರ ನೋವನ್ನೇ. ಪಂಪಿನ ಮೋಟಾರು ಬಿಚ್ಚುವ ವಿಡಿಯೋ ನಂಬಬಹುದೋ ಬೇಡವೋ ಅಂತ ನೋಡುವವನು ಕಮೆಂಟು ಕೆದಕಿ ತಿಳಿಯಬೇಕು.

ನನಗೆ ಹಿಡಿಸಿದ್ದು ತಂತ್ರಜ್ಞಾನದ ಸುದ್ದಿ ಚರ್ಚಿಸುವ ತಾಣ ಸ್ಲ್ಯಾಶ್‌ಡಾಟ್‌ನವರ ಹಳೇ ಪದ್ಧತಿ. ಅಲ್ಲಿ ಕಮೆಂಟಿಗೆ ಅಂಕ ಹಾಕುವವರು ಮೊದಲೇ ಬರೆದಿಟ್ಟ ಕಾರಣದ ಒಂದು ಚೀಟಿಯನ್ನು (ಲೇಬಲ್) ಆರಿಸಬೇಕು. ವಿಷಯಕ್ಕೆ ಸಂಬಂಧ ಇಲ್ಲ, ಜಗಳ ಹಚ್ಚುವುದು, ಹೇಳಿದ್ದನ್ನೇ ಹೇಳಿದ್ದು, ಹೀಗೆ. ಮುಖ್ಯ ವಿಷಯ ಏನೆಂದರೆ ಪ್ಲಸ್ ಹಾಕುವುದಕ್ಕೂ ಚೀಟಿ ಬೇಕು: ಮಾಹಿತಿ ಇದೆ, ಆಳವಾಗಿದೆ, ತಮಾಷೆಯಾಗಿದೆ. ಆಮೇಲೆ ಆ ಚೀಟಿ ಹಾಕಿದ್ದು ನ್ಯಾಯವೋ ಅನ್ಯಾಯವೋ ಅಂತ ನೋಡಲು ಇನ್ನಷ್ಟು ಜನ. ಅಂಥದ್ದೇ ಇನ್ನೊಂದು ತಾಣ ಲಾಬ್‌ಸ್ಟರ್ಸ್‌ನಲ್ಲಿ ಕೂಡ ಬೇಡ ಅನ್ನುವವರು ಪಟ್ಟಿಯಿಂದ ಒಂದು ಕಾರಣ ಆರಿಸಬೇಕು. ಟೈಪ್ ಮಾಡುವ ಕೆಲಸ ಇಲ್ಲ, ಒಂದು ಒತ್ತು ಸಾಕು.

ನಮ್ಮ ಆ್ಯಪಿನಲ್ಲಿ ಮೇಲಿನ ಹೆಬ್ಬೆರಳಿಗೆ ಏನೂ ಬೇಡ. ಹೆಸರೂ ಬೇಡ, ಕಾರಣವೂ ಬೇಡ. ಹೊಗಳಿಕೆ ಪುಕ್ಕಟೆ, ಬೇಡ ಅನ್ನಲು 20 ಅಕ್ಷರ ಮತ್ತು ಮದುವೆ ಮನೆಯ ಮುಜುಗರ. ಹೀಗಿದ್ದರೆ ತಪ್ಪು ಉತ್ತರ ಮೇಲೆ ಹೋಗದೆ ಇನ್ನೇನಾಗುತ್ತದೆ? ಉಲ್ಟಾ ಕ್ರಮದ ಉತ್ತರವನ್ನು ಅಲ್ಲಿ ಕೂರಿಸಿದ್ದು ಕಾರಣ ಹೇಳದೆ ಮೆಚ್ಚಿದವರು. ಅವರನ್ನು ಯಾರೂ ಕೇಳಲಿಲ್ಲ. ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಹಾನಿ ಕಂಡ ಜಿಲ್ಲೆ ನಮ್ಮದು. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಲ್ಲಿ ಮದ್ದು ಸುರಿದರು, ದೇಶದಲ್ಲಿ ಅದನ್ನು ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ಮದ್ದು ಒಳ್ಳೆಯದು ಅಂದವರನ್ನೂ ಯಾಕೆ ಅಂತ ಕೇಳಬೇಕು ಅನ್ನುವುದನ್ನು ಅದರಿಂದ ನರಳಿದ ಎಣ್ಮಕಜೆ ಪಂಚಾಯತಿನವರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ.

ಗುಂಪಿನಲ್ಲಿ ಒಬ್ಬರು ಚುನಾವಣೆಯ ಮಾತು ತೆಗೆದರು. ವೋಟು ಅಂದರೆ ಗುಟ್ಟು, 2013ರಿಂದ ನೋಟಾ ಇದೆ, ಅದನ್ನು ಒತ್ತಿದವರನ್ನು ಯಾಕೆ ಅಂತ ಯಾರೂ ಕೇಳುವುದಿಲ್ಲ, 2016ರಲ್ಲಿ ಮಂಜೇಶ್ವರದಲ್ಲಿ ಶಾಸಕರು 89 ವೋಟಿನ ಅಂತರದಲ್ಲಿ ಗೆದ್ದರು, ಆ 89 ಜನರಿಂದ ಕಾರಣ ಬರೆಸಿಕೊಂಡರಾ ಅಂತ. ಮಾತು ಚುರುಕಾಗಿದೆ. ಗುಟ್ಟಾಗಿರಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಚುನಾವಣೆಯಲ್ಲಿ ಯಾರು ಬೇಕು ಅಂತ ಹೇಳುವುದು, ಅಲ್ಲಿ ಸಂಖ್ಯೆಯೇ ತೀರ್ಪು. ಸುಣ್ಣಕ್ಕೆ ತುತ್ತೋ ತುತ್ತಿಗೆ ಸುಣ್ಣವೋ ಅನ್ನುವುದು 89 ವೋಟಿನಿಂದ ತೀರ್ಮಾನ ಆಗುವ ವಿಷಯ ಅಲ್ಲ.

ಇಷ್ಟೆಲ್ಲ ಬೈದು ಎರಡೂವರೆ ಯಾಕೆ ಕೊಟ್ಟೆ ಅಂತ ಕೇಳಬಹುದು. ನಿಯಮ ಕೆಲಸ ಮಾಡಿದ ಕಡೆ ಚೆನ್ನಾಗಿಯೇ ಮಾಡಿದೆ. ಅದೇ ಬೋರ್ಡೋ ಉತ್ತರದ ಕೆಳಗೆ ಮದ್ದು ಬಿಡುವ ಕೆಲಸದವರೊಬ್ಬರು ಫೋನಿಗೆ ಮಾತಾಡಿ ಬರೆಸಿದ ಕಾರಣ ಇದೆ. ಅಕ್ಷರ ಅಲ್ಲಲ್ಲಿ ತಪ್ಪಿದೆ, ಮೈಲುತುತ್ತು ಇದ್ದಲ್ಲಿ ಮೈಲಿ ಮುತ್ತು ಅಂತ ಬಿದ್ದಿದೆ. ಆದರೂ ವಿಷಯ ಗಟ್ಟಿ: ಸುಣ್ಣದ ನೀರಿಗೆ ಸುರಿಯಬೇಕು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮಾಡಬೇಕು, ಕಬ್ಬಿಣದ್ದು ಬೇಡ, ಮಾಡಿದ ದಿನವೇ ಮುಗಿಸಬೇಕು, ನಾಳೆಗೆ ಇಡಬಾರದು. ಅದನ್ನು ನೋಡಿ ಉತ್ತರ ಬರೆದವರು ಗೊಣಗುತ್ತಲೇ ಕ್ರಮ ತಿದ್ದಿದರು. ನಿಯಮ ಇಲ್ಲದಿದ್ದರೆ ಆ ಮನುಷ್ಯ ಒಂದು ಒತ್ತು ಒತ್ತಿ ಹೋಗುತ್ತಿದ್ದ. ಇದಕ್ಕಾಗಿ ಎರಡು ಅಂಕ. ಉಳಿದ ಅರ್ಧ, ಧ್ವನಿಯಲ್ಲಿ ಬರೆಸಲು ಅವಕಾಶ ಇಟ್ಟದ್ದಕ್ಕೆ.

ಆ್ಯಪಿನವರು ಓದುತ್ತಿದ್ದರೆ ಇಷ್ಟು ಮಾಡಿ. ಖಾಲಿ ಚೌಕದ ಬದಲು ಚೀಟಿ ಇಡಿ: ಅಳತೆ ತಪ್ಪು, ಕ್ರಮ ತಪ್ಪು, ನಮ್ಮ ಮಳೆಗೆ ಆಗದು, ಅಂಗಡಿಯ ಜಾಹೀರಾತು. ಕೊನೆಯದ್ದು ಜಾಸ್ತಿ ಖರ್ಚಾಗುತ್ತದೆ ನೋಡಿ. ಮೇಲಿನ ಹೆಬ್ಬೆರಳಿಗೂ ಚೀಟಿ ಇಡಿ, 'ಮಾಡಿ ನೋಡಿದ್ದೇನೆ' ಮತ್ತು 'ಓದಲು ಚೆನ್ನಾಗಿದೆ' ಅಂತ ಬೇರೆ ಬೇರೆ. ಬರೆಯುವ ಮನಸ್ಸಿದ್ದವರು ಬರೆಯಲಿ, ಕಡ್ಡಾಯ ಬೇಡ. ಹೆಸರು ನಿಮ್ಮ ಹತ್ತಿರ ಇರಲಿ, ಹೊರಗೆ ಬೇಡ. ಮದ್ದು, ಗೊಬ್ಬರದ ಉತ್ತರಕ್ಕೆ ಮಾತ್ರ ಚೀಟಿ ಕಡ್ಡಾಯ ಮಾಡಿ, ಕಾಯಿ ಕೊಯ್ಯುವ ದೋಟಿ ಯಾವುದು ಒಳ್ಳೆಯದು ಅನ್ನುವ ಪ್ರಶ್ನೆಗೆ ಸುಮ್ನೆ ಒತ್ತಿ ಹೋದರೆ ಯಾರ ತೋಟವೂ ಮುಳುಗುವುದಿಲ್ಲ. ಕಾರಣಗಳನ್ನು ಆ ಮೂರು ಚುಕ್ಕಿಯ ಹಿಂದಿನಿಂದ ಎತ್ತಿ ಉತ್ತರದ ಕೆಳಗೇ ತನ್ನಿ.

ಈ ವರ್ಷದ ಎರಡನೇ ಸಲದ ಮದ್ದು ಇನ್ನೂ ಬಿಡಲಿಕ್ಕಿರುವವರು ಆ್ಯಪ್ ಬಳಸುವುದಾದರೆ, ಹಳೇ ಉತ್ತರಗಳ ಹೆಬ್ಬೆರಳಿನ ಲೆಕ್ಕ ನಂಬಬೇಡಿ, ಅವು ನಿಯಮಕ್ಕಿಂತ ಮೊದಲಿನವು, ಕಾರಣ ಒಂದೂ ಇಲ್ಲ. 'ಹೊಸದು ಮೊದಲು' ಅಂತ ಬದಲಾಯಿಸಿ, ಮೂರು ಚುಕ್ಕಿ ಒತ್ತಿ ಒಳಗಿನ ಪುಟ ಓದಿ. ಅನುಮಾನ ಉಳಿದರೆ ಪಂಚಾಯತಿನ ಕೃಷಿ ಭವನಕ್ಕೆ ಫೋನ್ ಮಾಡಿ, ಕಾಸರಗೋಡಿನಲ್ಲೇ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಕೂಡ ಇದೆ.